ಬೆಂಗಳೂರಿನ ದೊಡ್ಡ ಎಂಜಿನಿಯರಿಂಗ್ ಕಂಪನಿಯ ಇಂಟರ್‌ವ್ಯೂ: ಮೂರನೇ ಪ್ರಶ್ನೆಗೆ ತಯಾರಾಗುವುದು ಹೇಗೆ?

ನನ್ನ ಮೊದಲ ದೊಡ್ಡ ಇಂಟರ್‌ವ್ಯೂ ಹದಿನೇಳು ನಿಮಿಷಕ್ಕೆ ಮುಗಿದುಹೋಯಿತು. ರೆಸ್ಯೂಮೆಯಲ್ಲಿ ಅನ್ಸಿಸ್ (ಯಂತ್ರದ ಭಾಗಗಳ ಮೇಲೆ ಬೀಳುವ ಒತ್ತಡ ಲೆಕ್ಕ ಹಾಕುವ ಸಾಫ್ಟ್‌ವೇರ್) ಗೊತ್ತು ಅಂತ ಬರೆದಿದ್ದೆ. ಎದುರಿಗಿದ್ದ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಏನು ಅನಾಲಿಸಿಸ್ ಮಾಡಿದ್ದೀರಿ?" ಎಂದರು. "ಬ್ರಾಕೆಟ್ ಸರ್" ಎಂದೆ. "ಮೆಶ್ ಎಷ್ಟು ಕೊಟ್ಟಿರಿ? ಯಾಕೆ ಅಷ್ಟೇ?" ಮೆಶ್ ಅಂದರೆ ಲೆಕ್ಕಕ್ಕಾಗಿ ಭಾಗವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವ ಬಲೆ. ಐದು ಮಿಲಿಮೀಟರ್, ಸಾಫ್ಟ್‌ವೇರೇ ಅದನ್ನು ತೋರಿಸಿತ್ತು ಎಂದೆ. ಅವರು ನಗಲಿಲ್ಲ, ಬೈಯಲಿಲ್ಲ. "ಸರಿ, ಬಂದ ಉತ್ತರ ನಿಜ ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದು ಮಾತ್ರ ಕೇಳಿದರು.

ನಾನು ಫ್ಯಾನ್ ನೋಡುತ್ತಾ ಕೂತೆ.

ಅದಾದ ಮೇಲೆ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಹತ್ತಾರು ಕಡೆ ಹೋಗಿ ಕೂತಿದ್ದೇನೆ. ಈಗ ನಾಲ್ಕು ವರ್ಷದಿಂದ ಮೇಜಿನ ಆಚೆ ಕಡೆಗೂ ಕೂರುತ್ತಿದ್ದೇನೆ. ಎರಡೂ ಕಡೆ ಕೂತ ಮೇಲೆ ಕಂಡದ್ದು ಒಂದೇ. ಮೊದಲ ಪ್ರಶ್ನೆ 'ಇದೇನು', ಎರಡನೆಯದು 'ಯಾಕೆ', ಮೂರನೆಯದು 'ಹಾಗಾದರೆ ಇದನ್ನು ಬದಲಿಸಿದರೆ ಏನಾಗುತ್ತದೆ' ಅಥವಾ 'ಅದು ಸರಿ ಅಂತ ಹೇಗೆ ಹೇಳುತ್ತೀರಿ'. ಮೊದಲ ಎರಡಕ್ಕೆ ಉರು ಹೊಡೆದು ಬರಬಹುದು, ಮೂರನೆಯದಕ್ಕೆ ಆಗುವುದಿಲ್ಲ. ಕೆಲಸ ಸಿಗುವುದೂ ಕೈತಪ್ಪುವುದೂ ಸಾಮಾನ್ಯವಾಗಿ ಅಲ್ಲೇ. ಕೆಳಗೆ ಬರೆದಿರುವುದೆಲ್ಲ ಆ ಮೂರನೇ ಪ್ರಶ್ನೆಗೆ ತಯಾರಾಗುವ ದಾರಿ. ಬಿಇ, ಡಿಪ್ಲೊಮಾ ಎರಡಕ್ಕೂ ಆಗುತ್ತದೆ. ನಾನು ಮೆಕ್ಯಾನಿಕಲ್, ಅದಕ್ಕೇ ಉದಾಹರಣೆಗಳಲ್ಲಿ ಕಬ್ಬಿಣ ಸ್ವಲ್ಪ ಜಾಸ್ತಿ.

ಹೆಜ್ಜೆ 1: ಯಾವ ಬಗೆಯ ಕಂಪನಿ ಅಂತ ಮೊದಲು ನೋಡಿಕೊಳ್ಳಿ

ಸಾಫ್ಟ್‌ವೇರ್ ಬರುವ ಎಷ್ಟೋ ಮುಂಚೆ ಬೆಂಗಳೂರು ಯಂತ್ರಗಳ ಊರಾಗಿತ್ತು. ವಿಮಾನದ ಎಚ್‌ಎಎಲ್ 1940ರಲ್ಲಿ ಶುರುವಾಯಿತು, ಟೆಲಿಫೋನ್ ಮಾಡುವ ಐಟಿಐ 1948ರಲ್ಲಿ, ಯಂತ್ರೋಪಕರಣದ ಎಚ್‌ಎಂಟಿ 1953ರಲ್ಲಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್ 1954ರಲ್ಲಿ. ಆಡುಗೋಡಿಯ ಬಾಷ್ ಆಗ ಮೈಕೋ. ಹಳೆಯ ಆಟೋ ಚಾಲಕರ ಬಾಯಲ್ಲಿ ಅದು ಇವತ್ತಿಗೂ ಮೈಕೋನೇ. 2000ದಲ್ಲಿ ಜಿಇ ವೈಟ್‌ಫೀಲ್ಡ್‌ನಲ್ಲಿ ತನ್ನ ಸಂಶೋಧನಾ ಕೇಂದ್ರ ತೆರೆಯಿತು. ಆಮೇಲೆ ಹೊರದೇಶದ ಕಂಪನಿಗಳ ಡಿಸೈನ್ ಸೆಂಟರ್‌ಗಳು ಸಾಲುಸಾಲಾಗಿ ಬಂದವು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, 'ದೊಡ್ಡ ಎಂಜಿನಿಯರಿಂಗ್ ಕಂಪನಿ' ಅಂದಾಗ ಇಲ್ಲಿ ಮೂರು ಬೇರೆ ಬೇರೆ ಬಾಗಿಲುಗಳಿವೆ, ಒಂದಕ್ಕೆ ಮಾಡಿದ ತಯಾರಿ ಇನ್ನೊಂದಕ್ಕೆ ಅರ್ಧ ಮಾತ್ರ ಆಗುತ್ತದೆ.

ಸರ್ಕಾರಿ ಕಂಪನಿಗಳಲ್ಲಿ ಹೆಚ್ಚಾಗಿ ಬರವಣಿಗೆಯ ಪರೀಕ್ಷೆಯೇ ದೊಡ್ಡ ಜರಡಿ. ಕೆಲವು ಕಂಪನಿಗಳು ಗೇಟ್ (ಎಂಜಿನಿಯರಿಂಗ್ ಪದವೀಧರರ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ನೋಡುತ್ತವೆ. ಆ ಅಂಕ ಫಲಿತಾಂಶ ಬಂದ ದಿನದಿಂದ ಮೂರು ವರ್ಷ ನಡೆಯುತ್ತದೆ, ಹಾಗಾಗಿ ಒಂದು ಸಲ ಚೆನ್ನಾಗಿ ಬಂದರೆ ಸುಮ್ನೆ ಬಿಡಬೇಡಿ. ಅಲ್ಲಿ ಎದುರಿಗೆ ನಾಲ್ಕೈದು ಜನ ಒಟ್ಟಿಗೆ ಕೂತಿರುತ್ತಾರೆ, ಪ್ರಶ್ನೆಗಳು ಇಡೀ ಸಿಲಬಸ್ಸಿನ ಮೇಲೆ ಹರಡಿರುತ್ತವೆ.

ಡಿಸೈನ್ ಸೆಂಟರ್‌ನಲ್ಲಿ ಹಾಗಲ್ಲ. ವಿಷಯ ಕಡಿಮೆ, ಆಳ ಜಾಸ್ತಿ. ಒಂದೇ ಬೀಮ್ ಹಿಡಿದುಕೊಂಡು ಮುಕ್ಕಾಲು ಗಂಟೆ ಎಳೆಯುತ್ತಾರೆ.

ಕಾರ್ಖಾನೆಯಲ್ಲಿ, ಅಂದರೆ ಪೀಣ್ಯ, ಬಿಡದಿ, ಹೊಸಕೋಟೆ ಕಡೆ, ಕೇಳುವುದು ಕೈಗೆ ಹತ್ತಿದ ವಿಷಯ. ವರ್ನಿಯರ್ (ಅಳತೆಯ ಸಾಧನ) ಓದಲು ಬರುತ್ತದಾ, ರಿಜೆಕ್ಷನ್ ಜಾಸ್ತಿಯಾದರೆ ಮೊದಲು ಎಲ್ಲಿ ನೋಡುತ್ತೀರಿ, ರಾತ್ರಿ ಪಾಳಿ ಮಾಡುತ್ತೀರಾ, ಆಪರೇಟರ್ ಮಾತು ಕೇಳದಿದ್ದರೆ ಏನು ಮಾಡುತ್ತೀರಿ. ಕನ್ನಡ ಚೆನ್ನಾಗಿ ಬರುವುದು ಇಲ್ಲಿ ನಿಜವಾದ ಅರ್ಹತೆ, ಲೈನ್‌ನಲ್ಲಿ ಕೆಲಸ ತೆಗೆಯುವ ಭಾಷೆ ಅದು. ನಾಚಿಕೊಳ್ಳದೆ ಹೇಳಿಕೊಳ್ಳಿ.

ಕಂಪನಿ ಷೇರು ಮಾರುಕಟ್ಟೆಯಲ್ಲಿದ್ದರೆ ಅದರ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ. ಇನ್ನೂರು ಮುನ್ನೂರು ಪುಟ ನೋಡಿ ಹೆದರಬೇಡಿ. ಆಡಳಿತ ಮಂಡಳಿ ವ್ಯವಹಾರದ ಬಗ್ಗೆ ಬರೆದಿರುವ ಭಾಗ ಮಾತ್ರ ಓದಿ, ಇಪ್ಪತ್ತು ನಿಮಿಷ ಸಾಕು. ಯಾವುದು ಮಾರಾಟವಾಗುತ್ತಿದೆ, ಹೊಸ ಘಟಕ ಎಲ್ಲಿ ಬರುತ್ತಿದೆ, ಇಷ್ಟು ಗೊತ್ತಿದ್ದರೆ "ನಮ್ಮ ಕಂಪನಿಯೇ ಯಾಕೆ" ಎಂಬ ಪ್ರಶ್ನೆಗೆ "ಪ್ರತಿಷ್ಠಿತ ಸಂಸ್ಥೆ ಸರ್" ಅನ್ನುವ ಸಪ್ಪೆ ಉತ್ತರ ಕೊಡಬೇಕಾಗುವುದಿಲ್ಲ.

ಹೆಜ್ಜೆ 2: ರೆಸ್ಯೂಮೆ ಅಂದರೆ ನೀವೇ ಬರೆದುಕೊಟ್ಟ ಪ್ರಶ್ನೆಪತ್ರಿಕೆ

ಪ್ಯಾನೆಲ್‌ನಲ್ಲಿ ಕೂರುವ ನಾವು ಮನೆಯಲ್ಲಿ ತಯಾರಿ ಮಾಡಿಕೊಂಡು ಬರುವುದಿಲ್ಲ. ನಿಜ ಹೇಳಬೇಕಂದರೆ ಮೀಟಿಂಗ್‌ನಿಂದ ಎದ್ದು ಓಡಿ ಬಂದಿರುತ್ತೇವೆ, ನಿಮ್ಮ ಹಾಳೆ ಕೈಗೆ ಸಿಕ್ಕಿ ಎರಡು ನಿಮಿಷ ಆಗಿರುತ್ತದೆ. ಹಾಗಾಗಿ ಕೇಳುವುದೆಲ್ಲ ಆ ಹಾಳೆಯಿಂದಲೇ. ಅದರಲ್ಲಿ ಏನಿರಬೇಕು ಅನ್ನುವುದು ನಿಮ್ಮ ಕೈಯಲ್ಲಿದೆ.

ಒಂದು ಕೆಲಸ ಮಾಡಿ. ರೆಸ್ಯೂಮೆ ಪ್ರಿಂಟ್ ತೆಗೆಯಿರಿ, ಕೆಂಪು ಪೆನ್ ಹಿಡಿಯಿರಿ. ಪ್ರತಿ ಸಾಲಿನ ಮುಂದೆ ಮೂರು ಪ್ರಶ್ನೆ ನೀವೇ ಬರೆಯಿರಿ: ಏನು, ಯಾಕೆ, ಬದಲಾದರೆ ಏನು. ಮೂರನೆಯದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಎರಡೇ ದಾರಿ, ಕಲಿಯಿರಿ ಅಥವಾ ಆ ಸಾಲು ಹೊಡೆದುಹಾಕಿ. ನಾನು ಹೀಗೆ ಕೂತಾಗ ಎರಡು ಪುಟದ ರೆಸ್ಯೂಮೆ ಮುಕ್ಕಾಲು ಪುಟಕ್ಕೆ ಇಳಿಯಿತು. ಹೊಟ್ಟೆ ಉರಿಯಿತು. ಆದರೆ ಕರೆಗಳೇನೂ ಕಡಿಮೆಯಾಗಲಿಲ್ಲ.

ಏಳೆಂಟು ಸಾಫ್ಟ್‌ವೇರ್ ಹೆಸರು ಬರೆದು ಪಕ್ಕದಲ್ಲಿ ನಕ್ಷತ್ರ ಹಾಕುವ ಅಭ್ಯಾಸ ಇದೆಯಲ್ಲ, ಅದು ನನಗೆ ಒಂಚೂರೂ ಹಿಡಿಸುವುದಿಲ್ಲ. ಐದಕ್ಕೆ ನಾಲ್ಕು ನಕ್ಷತ್ರ ಅಂದರೆ ಏನರ್ಥ? ಅದರ ಬದಲು 'ಕ್ಯಾಟಿಯಾ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಪಂಪ್ ಕವಚದ 14 ಭಾಗಗಳನ್ನು ಮಾಡೆಲ್ ಮಾಡಿ ಡ್ರಾಯಿಂಗ್ ತೆಗೆದಿದ್ದೇನೆ' ಅಂತ ಒಂದು ಸಾಲು ಬರೆಯಿರಿ. ಕೇಳುವವನಿಗೂ ದಾರಿ ಸಿಗುತ್ತದೆ.

ಪ್ರಾಜೆಕ್ಟ್ ವಿಷಯ. ದುಡ್ಡು ಕೊಟ್ಟರೆ ರೆಡಿಮೇಡ್ ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಗಳು ಈ ಊರಿನಲ್ಲಿ ಇವೆ ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಅಲ್ಲಿಂದ ತಂದಿದ್ದರೂ ಇಂಟರ್‌ವ್ಯೂಗೆ ಮುಂಚೆ ಅದನ್ನು ಬಿಚ್ಚಿ ಮತ್ತೆ ಜೋಡಿಸಿ. ಮೋಟಾರ್ ಎಷ್ಟು ವ್ಯಾಟ್, ಯಾಕೆ ಅಷ್ಟು, ಬೇರಿಂಗ್ ನಂಬರ್ ಏನು, ಶಾಫ್ಟ್ ವ್ಯಾಸ ಯಾರು ತೀರ್ಮಾನ ಮಾಡಿದರು. 6204 ಅಂತ ಬೇರಿಂಗ್ ನಂಬರ್ ಹೇಳಿದರೆ ಮುಂದಿನ ಪ್ರಶ್ನೆ ಅದರ ಒಳವ್ಯಾಸ ಎಷ್ಟು ಅಂತ ಬರುತ್ತದೆ. ಕೊನೆಯ ಎರಡು ಅಂಕೆಯನ್ನು ಐದರಿಂದ ಗುಣಿಸಿದರೆ 20 ಮಿ.ಮೀ. ಇಷ್ಟು ಸಣ್ಣ ವಿಷಯ ಗೊತ್ತಿರುವವರು ಅದನ್ನು ಮುಟ್ಟಿದ್ದಾರೆ ಅಂತ ನಮಗೆ ಗೊತ್ತಾಗುತ್ತದೆ. 'ನಾವು ಮಾಡಿದೆವು, ನಮ್ಮ ಟೀಮ್ ಮಾಡಿತು' ಅನ್ನುವುದನ್ನೂ ಬಿಡಿ. ನಾಲ್ಕು ಜನರಲ್ಲಿ ನೀವು ಮಾಡಿದ್ದೇನು, ಅಷ್ಟು ಹೇಳಿ. ನಾನು ವೆಲ್ಡಿಂಗ್ ಅಂಗಡಿಗೆ ಓಡಾಡಿ ಫ್ರೇಮ್ ಮಾಡಿಸಿದೆ ಅಂದರೂ ಮರ್ಯಾದೆ ಇದೆ, ಅಂಗಡಿಯವನ ಹತ್ತಿರ ಏನು ಕಲಿತಿರಿ ಅಂತ ಕೇಳಿದರೆ ಹೇಳಲು ಬರಬೇಕು ಅಷ್ಟೆ.

ಹೆಜ್ಜೆ 3: ಹತ್ತು ಲೆಕ್ಕ, ಬರೀ ಪೆನ್ನು ಹಾಳೆಯಲ್ಲಿ

ಇದು ಎಲ್ಲಕ್ಕಿಂತ ಮುಖ್ಯ, ಅದಕ್ಕೇ ಇಲ್ಲಿ ಉದ್ದ ಬರೆಯುತ್ತೇನೆ. ನಿಮ್ಮ ಬ್ರಾಂಚ್‌ನ ಹತ್ತು ಮೂಲ ಲೆಕ್ಕ ಆರಿಸಿಕೊಳ್ಳಿ. ಸೂತ್ರ ಮಾತ್ರ ಕಲಿತರೆ ಸಾಲದು, ಅಂಕಿ ಹಾಕಿ ಉತ್ತರ ತೆಗೆಯಬೇಕು, ಉತ್ತರ ಕಣ್ಣಿಗೆ ಕಟ್ಟಬೇಕು.

ಮೆಕ್ಯಾನಿಕಲ್‌ನವರಿಗೆ ನಾನು ಯಾವಾಗಲೂ ಕೇಳುವುದು ಇದು. ಅರ್ಧ ಮೀಟರ್ ಉದ್ದದ ಮೈಲ್ಡ್ ಸ್ಟೀಲ್ ಪಟ್ಟಿ, ಅಗಲ 40 ಮಿ.ಮೀ., ದಪ್ಪ 10 ಮಿ.ಮೀ. ಒಂದು ತುದಿ ಗೋಡೆಗೆ ಭದ್ರ. ಇನ್ನೊಂದು ತುದಿಗೆ 10 ಕೆ.ಜಿ. ನೇತುಹಾಕಿದೆ. ಎಷ್ಟು ಬಾಗುತ್ತದೆ?

10 ಕೆ.ಜಿ. ಅಂದರೆ ಹತ್ತಿರ ಹತ್ತಿರ 100 ನ್ಯೂಟನ್. ಪಟ್ಟಿಯ ಜಡತ್ವ ಮಹತ್ವ (ಮೊಮೆಂಟ್ ಆಫ್ ಇನರ್ಷಿಯಾ), ಅಗಲ ಗುಣಿಸು ದಪ್ಪದ ಘನ, ಭಾಗಿಸು 12, ಸುಮಾರು 3,333. ಸ್ಟೀಲ್‌ನ ಯಂಗ್ಸ್ ಮಾಡ್ಯುಲಸ್, ಅಂದರೆ ಲೋಹದ ಬಿಗಿತದ ಅಳತೆ, 200 ಗಿಗಾಪ್ಯಾಸ್ಕಲ್. ಲೆಕ್ಕ ಹಾಕಿದರೆ ತುದಿ 6.25 ಮಿ.ಮೀ. ಬಾಗುತ್ತದೆ. ಗೋಡೆಯ ಹತ್ತಿರ ಬರುವ ಒತ್ತಡ 75 ಮೆಗಾಪ್ಯಾಸ್ಕಲ್. ಮೈಲ್ಡ್ ಸ್ಟೀಲ್‌ನ ಯೀಲ್ಡ್, ಅಂದರೆ ಬಾಗಿದ್ದು ಮತ್ತೆ ನೆಟ್ಟಗಾಗದ ಮಟ್ಟ, ಸುಮಾರು 250, ಹಾಗಾಗಿ ಸುರಕ್ಷತಾ ಅಂಶ ಮೂರಕ್ಕಿಂತ ಸ್ವಲ್ಪ ಮೇಲೆ. ಇಲ್ಲಿಗೆ ಮೊದಲ ಪ್ರಶ್ನೆ ಮುಗಿಯಿತು.

ಎರಡನೆಯದು: ಉದ್ದ ಎರಡರಷ್ಟು ಮಾಡಿದರೆ? ಬಾಗು ಎಂಟರಷ್ಟು, ಒತ್ತಡ ಎರಡರಷ್ಟು. ಪಟ್ಟಿಯನ್ನು ಮಲಗಿಸುವ ಬದಲು ನಿಲ್ಲಿಸಿದರೆ? ಬಾಗು ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ, 0.4 ಮಿ.ಮೀ. ಕೂಡ ಇರುವುದಿಲ್ಲ. ಮನೆಯ ಜಂತಿಯನ್ನು ಯಾಕೆ ನಿಲ್ಲಿಸಿ ಇಡುತ್ತಾರೆ ಅಂತ ಅಜ್ಜನ ಮನೆಯ ಅಟ್ಟ ನೋಡಿದವರಿಗೆ ಗೊತ್ತು, ಅದನ್ನೇ ಹೇಳಿದ ಒಬ್ಬ ಹುಡುಗನನ್ನು ನಾವು ತೆಗೆದುಕೊಂಡೆವು.

ಮೂರನೆಯದು: ಅದೇ ಅಳತೆಯ ಅಲ್ಯೂಮಿನಿಯಂ ಪಟ್ಟಿ ಹಾಕಿದರೆ ಒತ್ತಡ ಎಷ್ಟಾಗುತ್ತದೆ? ಇಲ್ಲಿ ಮುಕ್ಕಾಲು ಪಾಲು ಜನ ಜಾರುತ್ತಾರೆ. ಅಲ್ಯೂಮಿನಿಯಂ ಮೆದು, ಒತ್ತಡ ಜಾಸ್ತಿ ಅನ್ನುತ್ತಾರೆ, ಇಲ್ಲ ಕಡಿಮೆ ಅನ್ನುತ್ತಾರೆ. ಒತ್ತಡ ಅಷ್ಟೇ ಇರುತ್ತದೆ, 75. ಅದು ಭಾರ ಮತ್ತು ಅಳತೆಯ ಲೆಕ್ಕ, ಲೋಹದ ಹಂಗಿಲ್ಲ. ಬಾಗು ಮಾತ್ರ ಹೆಚ್ಚುಕಡಿಮೆ ಮೂರರಷ್ಟಾಗುತ್ತದೆ, ಯಾಕಂದರೆ ಅದರ ಮಾಡ್ಯುಲಸ್ 70. ಬಾಗಿದ್ದು ಹಾಗೇ ಉಳಿದುಬಿಡುತ್ತದಾ ಇಲ್ಲವಾ ಅನ್ನುವುದು ಆ ಮಿಶ್ರಲೋಹದ ಯೀಲ್ಡ್ ಎಷ್ಟು ಅನ್ನುವುದರ ಮೇಲೆ.

ನನ್ನ ಅನ್ಸಿಸ್ ಪ್ರಶ್ನೆಗೂ ಉತ್ತರ ಇದರಲ್ಲೇ ಇತ್ತು ನೋಡಿ. ಮೆಶ್ ಸಣ್ಣದು ಮಾಡುತ್ತಾ ಹೋಗಿ, ಉತ್ತರ ಬದಲಾಗುವುದು ನಿಲ್ಲುತ್ತದಾ ನೋಡಬೇಕು. ಹಾಗೇ ಬ್ರಾಕೆಟ್ ಅನ್ನು ಇಂಥ ಒಂದು ಪಟ್ಟಿ ಅಂತ ಭಾವಿಸಿ ಕೈಲೆಕ್ಕ ಹಾಕಿ, ಎರಡೂ ಹತ್ತಿರ ಬರುತ್ತವಾ ನೋಡಬೇಕು. ಇಷ್ಟೇ. ಹದಿನೇಳು ನಿಮಿಷದ ಇಂಟರ್‌ವ್ಯೂ ನಲವತ್ತಕ್ಕೆ ಹೋಗುತ್ತಿತ್ತು.

ಕಾರ್ಖಾನೆ ಕಡೆಯವರಿಗೆ ಇನ್ನೊಂದು ಹೇಳುತ್ತೇನೆ. 25 ಮಿ.ಮೀ. ರಂಧ್ರ ಮತ್ತು ಶಾಫ್ಟ್, ಫಿಟ್ (ಎರಡೂ ಒಂದಕ್ಕೊಂದು ಎಷ್ಟು ಬಿಗಿ ಅನ್ನುವ ಗುರುತು) ಎಚ್7/ಜಿ6. ಏನಿದು? ಜಾರಾಡುವ ಫಿಟ್. ರಂಧ್ರ 25.000ರಿಂದ 25.021, ಶಾಫ್ಟ್ 24.980ರಿಂದ 24.993. ಮಧ್ಯೆ ಸಂದು ಕಡಿಮೆಯೆಂದರೆ 7 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ 1 ಮಿ.ಮೀ.), ಹೆಚ್ಚೆಂದರೆ 41. ಸರಿ, ಇದನ್ನು ಯಾವುದರಲ್ಲಿ ಅಳೆಯುತ್ತೀರಿ? ವರ್ನಿಯರ್ ಅಂದಿರೋ, ಕೆಟ್ಟಿರಿ. ಅದು ತೋರಿಸುವ ಕನಿಷ್ಠ ಅಳತೆಯೇ 20 ಮೈಕ್ರಾನ್, ಶಾಫ್ಟ್‌ಗೆ ಕೊಟ್ಟಿರುವ ಅವಕಾಶ ಬರೀ 13. ಮಾಮೂಲಿ ಮೈಕ್ರೋಮೀಟರ್ 10 ಮೈಕ್ರಾನ್‌ನದು, ಅದೂ ಸಾಲದು. ಒಂದು ಮೈಕ್ರಾನ್ ತೋರಿಸುವ ಮೈಕ್ರೋಮೀಟರ್ ಬೇಕು. ದಿನಕ್ಕೆ ಎರಡು ಸಾವಿರ ಪೀಸ್ ಇದ್ದರೆ? ಆಗ ಅಳೆಯುತ್ತಾ ಕೂರುವುದಿಲ್ಲ, ಗೋ ನೋಗೋ ಗೇಜ್ ಹಾಕುತ್ತೇವೆ, ಒಂದು ಕಡೆ ಹೋಗಬೇಕು, ಇನ್ನೊಂದು ಕಡೆ ಹೋಗಬಾರದು. ಇದು ಪುಸ್ತಕದಲ್ಲೂ ಇದೆ, ಆದರೆ ಒಂದು ತಿಂಗಳು ಯಾವುದಾದರೂ ಮೆಷಿನ್ ಶಾಪ್‌ನಲ್ಲಿ ನಿಂತವರ ಬಾಯಲ್ಲಿ ಬೇರೆ ಥರ ಬರುತ್ತದೆ.

ಎಲೆಕ್ಟ್ರಿಕಲ್‌ನವರು ಇಂಡಕ್ಷನ್ ಮೋಟಾರ್ ಹಿಡಿದುಕೊಳ್ಳಿ. ನಾಲ್ಕು ಪೋಲ್, 50 ಹರ್ಟ್ಸ್, ಸಿಂಕ್ರೊನಸ್ ವೇಗ (ಒಳಗಿನ ಕಾಂತಕ್ಷೇತ್ರ ತಿರುಗುವ ವೇಗ) ನಿಮಿಷಕ್ಕೆ 1500 ಸುತ್ತು. ಪ್ಲೇಟ್ ಮೇಲೆ 1440 ಇದ್ದರೆ ಸ್ಲಿಪ್, ಅಂದರೆ ಹಿಂದೆ ಬಿದ್ದ ಪಾಲು, 4 ಶೇಕಡಾ. ಎರಡು ಫೇಸ್ ಅದಲುಬದಲು ಮಾಡಿದರೆ ಉಲ್ಟಾ ತಿರುಗುತ್ತದೆ. ಓಡುತ್ತಿರುವಾಗ ಒಂದು ಫೇಸ್ ಹೋದರೆ? ನಿಲ್ಲುತ್ತದೆ ಅನ್ನಬೇಡಿ. ಭಾರ ತೀರಾ ಜಾಸ್ತಿ ಇಲ್ಲದಿದ್ದರೆ ಓಡುತ್ತಲೇ ಇರುತ್ತದೆ, ಉಳಿದೆರಡರಲ್ಲಿ ಕರೆಂಟ್ ಏರಿ ವೈಂಡಿಂಗ್ ಸುಡುತ್ತದೆ. ಊರಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟ ಕಥೆ ನಿಮ್ಮ ಮನೆಯಲ್ಲೂ ಇರಬಹುದು. ಅದನ್ನೇ ಹೇಳಿ, ಆಮೇಲೆ ಕರೆಂಟ್ ಜಾಸ್ತಿಯಾದಾಗ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಕಡೆ ಬನ್ನಿ.

ಎಂಬೆಡೆಡ್ (ಯಂತ್ರದೊಳಗಿನ ಸಣ್ಣ ಕಂಪ್ಯೂಟರ್) ಕಡೆ ಹೋಗುವವರಿಗೆ ಕ್ಯಾನ್ ಬಸ್, ಅಂದರೆ ಕಾರಿನೊಳಗಿನ ಇಂಥ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಜೋಡಿ ತಂತಿ, ಗ್ಯಾರಂಟಿ ಪ್ರಶ್ನೆ. ಬಾಷ್ ಅದನ್ನು ಹೊರಗೆ ತಂದದ್ದು 1986ರಲ್ಲಿ, ಈಗ ಹೆಚ್ಚುಕಡಿಮೆ ಎಲ್ಲ ಕಾರಿನಲ್ಲೂ ಅದು ಇದೆ. ಎರಡು ತುದಿಯಲ್ಲಿ 120 ಓಮ್ ರೆಸಿಸ್ಟರ್ ಯಾಕೆ? ಸಿಗ್ನಲ್ ತುದಿಗೆ ಬಡಿದು ವಾಪಸ್ ಬರಬಾರದು ಅಂತ. ಬ್ಯಾಟರಿ ತೆಗೆದು ಮೀಟರ್ ಇಟ್ಟರೆ ಎಷ್ಟು ತೋರಿಸಬೇಕು? 60. ಮೀಟರ್ 120 ತೋರಿಸಿದರೆ? ಒಂದು ಕಡೆಯದು ಬಿಟ್ಟುಹೋಗಿದೆ. 40 ತೋರಿಸಿದರೆ? ಯಾರೋ ಮೂರನೆಯದನ್ನು ಹಾಕಿದ್ದಾರೆ.

ಹೀಗೆ ಹತ್ತು. ದಿನಕ್ಕೊಂದು ಮಾಡಿದರೂ ಹತ್ತು ದಿನ. ಸಾವಿರ ಪ್ರಶ್ನೆಯ ಪಿಡಿಎಫ್ ಓದುವುದಕ್ಕಿಂತ ಇದು ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 4: ಆನ್‌ಲೈನ್ ಟೆಸ್ಟ್

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ಶೇಕಡಾವಾರು, ವೇಗ-ದೂರ, ಕೆಲಸ-ಸಮಯ, ಸ್ವಲ್ಪ ಲಾಜಿಕ್, ಸ್ವಲ್ಪ ಇಂಗ್ಲಿಷ್. ಗಡಿಯಾರ ಇಟ್ಟುಕೊಂಡು ಎರಡು ವಾರ ಅಭ್ಯಾಸ ಮಾಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರಾ ಅಂತ ಸೂಚನೆಯಲ್ಲಿ ಮೊದಲೇ ಓದಿ. ಪಿಜಿಯ ವೈಫೈ ನಂಬಬೇಡಿ, ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಪಕ್ಕದಲ್ಲಿಟ್ಟಿರಿ.

ಹೆಜ್ಜೆ 5: ಇಂಗ್ಲಿಷ್ ಭಯ

ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ವಿಷಯ ತಲೆಯಲ್ಲಿ ಇರುತ್ತಿತ್ತು, ಬಾಯಿಗೆ ಬರುವಷ್ಟರಲ್ಲಿ ವಾಕ್ಯ ಮುರಿಯುತ್ತಿತ್ತು. ನನಗೆ ದಾರಿ ತೋರಿಸಿದ್ದು ಒಂದು ಖಾಲಿ ಹಾಳೆ. "ಚಿತ್ರ ಬರೆದು ತೋರಿಸಬಹುದಾ ಸರ್" ಅಂತ ಕೇಳಿ. ಇದುವರೆಗೆ ಯಾರೂ ಬೇಡ ಅಂದಿಲ್ಲ. ಬೀಮ್ ಬರೆದು, ಬಾಣದ ಗುರುತು ಹಾಕಿ, 'ಲೋಡ್ ಹಿಯರ್, ಮ್ಯಾಕ್ಸಿಮಮ್ ಸ್ಟ್ರೆಸ್ ಹಿಯರ್' ಅಂದರೆ ಸಾಕು. ಎಂಜಿನಿಯರ್‌ಗೆ ಚಿತ್ರವೇ ಅರ್ಧ ಭಾಷೆ.

ನಿಮ್ಮ ಬಗ್ಗೆ ಹೇಳಿ ಅನ್ನುವ ಪ್ರಶ್ನೆ ಮಾತ್ರ ಮೊದಲೇ ಗೊತ್ತಿರುವಂಥದ್ದು, ಅದಕ್ಕೆ ತಯಾರಿಲ್ಲದೆ ಹೋದರೆ ತಪ್ಪು ನಿಮ್ಮದೇ. ಮೊದಲು ಕನ್ನಡದಲ್ಲಿ ಐದಾರು ಸಾಲು ಬರೆದುಕೊಳ್ಳಿ. ಊರು, ಓದು ಒಂದು ಸಾಲು. ಉಳಿದದ್ದೆಲ್ಲ ಮಾಡಿದ ಕೆಲಸ. ಅಪ್ಪ ಏನು ಮಾಡುತ್ತಾರೆ, ತಂಗಿ ಎಲ್ಲಿ ಓದುತ್ತಾಳೆ, ನಿಮ್ಮ ಹವ್ಯಾಸ ಕ್ರಿಕೆಟ್, ಇವೆಲ್ಲ ಕೇಳಿದರೆ ಮಾತ್ರ. ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ಸಲ ಕೇಳಿದಾಗ ಮುಜುಗರ ಆಗುತ್ತದೆ, ಆಗಲಿ. ಕೊನೆಯ ಸಾಲು ನಿಮಗೆ ಚೆನ್ನಾಗಿ ಗೊತ್ತಿರುವ ಪ್ರಾಜೆಕ್ಟ್ ಮೇಲೆ ನಿಲ್ಲಲಿ, ಮುಂದಿನ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಹೆಜ್ಜೆ 6: ಆ ದಿನ

ಹಿಂದಿನ ದಿನವೇ ಮ್ಯಾಪ್ ನೋಡಿ, ಆದರೆ ಮ್ಯಾಪ್ ಹೇಳುವ ಸಮಯಕ್ಕೆ ಒಂದು ಗಂಟೆ ಸೇರಿಸಿ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಇದೆ, ಆರ್‌.ವಿ. ರೋಡ್‌ನಲ್ಲಿ ಹಸಿರು ಮಾರ್ಗದಿಂದ ಇಳಿದು ಹತ್ತಬಹುದು. ಸಿಲ್ಕ್ ಬೋರ್ಡ್‌ನಲ್ಲಿ ಬೆವರು ಸುರಿಸುತ್ತಾ ನಿಂತ ನಮ್ಮ ಕಾಲ ಹೋಯಿತು. ವೈಟ್‌ಫೀಲ್ಡ್‌ಗೆ ನೇರಳೆ, ಪೀಣ್ಯ, ಜಾಲಹಳ್ಳಿಗೆ ಹಸಿರು. ಆದರೆ ಸ್ಟೇಷನ್‌ನಿಂದ ಕಂಪನಿ ಗೇಟ್‌ಗೆ ಇನ್ನೂ ಎರಡು ಮೂರು ಕಿಲೋಮೀಟರ್ ಇರುತ್ತದೆ, ಬೆಳಗ್ಗೆ ಅಲ್ಲಿ ಆಟೋ ಸಿಗುವುದು ಕಷ್ಟ.

ತಿಂಡಿ ತಿಂದೇ ಹೋಗಿ. ದರ್ಶಿನಿಯಲ್ಲಿ ಇಡ್ಲಿ ತಗೊಳ್ಳಿ, ಸಾಂಬಾರ್ ಬೇರೆ ಬಟ್ಟಲಲ್ಲಿ ಕೇಳಿ. ತಿಳಿಬಣ್ಣದ ಅಂಗಿಯ ಮೇಲೆ ಸಾಂಬಾರ್ ಚೆಲ್ಲಿಕೊಂಡು ಫೈಲ್ ಎದೆಗೆ ಹಿಡಿದು ಇಡೀ ಇಂಟರ್‌ವ್ಯೂ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ.

ಗೇಟ್‌ನಲ್ಲಿ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಕೇಳುತ್ತಾರೆ, ಮೊಬೈಲ್ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುತ್ತಾರೆ, ಪೆನ್‌ಡ್ರೈವ್ ಇದ್ದರೆ ಅಲ್ಲೇ ಬಿಡಿಸಿಕೊಳ್ಳುತ್ತಾರೆ. ಇದಕ್ಕೇ ಅರ್ಧ ಗಂಟೆ. ಸೆಕ್ಯುರಿಟಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಕಾರ್ಖಾನೆ ಸುತ್ತಿಸುವ ಸಾಧ್ಯತೆ ಇರುವುದರಿಂದ ಗಟ್ಟಿ ಶೂ ಹಾಕಿಕೊಳ್ಳಿ. ಹಳದಿ ಗೆರೆಯ ಒಳಗೇ ನಡೆಯಿರಿ. ಒಮ್ಮೆ ಶಾಪ್ ಫ್ಲೋರ್‌ನಲ್ಲಿ ಫೋನ್ ನೋಡುತ್ತಾ ಗೆರೆ ದಾಟಿದ ಅಭ್ಯರ್ಥಿಯ ಹೆಸರನ್ನು ನಮ್ಮ ಪ್ಲಾಂಟ್ ಮ್ಯಾನೇಜರ್ ಅಲ್ಲೇ ಹೊಡೆದುಹಾಕಿದರು. ನನಗೆ ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು, ಆದರೆ ಫೋರ್ಕ್‌ಲಿಫ್ಟ್ ಓಡಾಡುವ ಜಾಗದಲ್ಲಿ ಅವರ ಮಾತಿಗೂ ಅರ್ಥ ಇದೆ.

ಕಾಯುವ ಕೋಣೆಯಲ್ಲಿ ಒಳಗೆ ಹೋಗಿ ಬಂದವರನ್ನೆಲ್ಲ "ಏನ್ ಕೇಳಿದ್ರು ಗುರು?" ಅಂತ ಮುತ್ತಿಕೊಳ್ಳುತ್ತಾರೆ. ನೀವು ದೂರ ಇರಿ. ಅವರ ರೆಸ್ಯೂಮೆ ಬೇರೆ, ಅವರ ಪ್ರಶ್ನೆ ಬೇರೆ. ಸುಮ್ನೆ ಎದೆ ಬಡಿತ ಏರುತ್ತದೆ ಅಷ್ಟೆ.

ಹೆಜ್ಜೆ 7: ಒಳಗೆ ಕೂತಾಗ

ಗೊತ್ತಿಲ್ಲದ ಪ್ರಶ್ನೆ ಬಂದೇ ಬರುತ್ತದೆ. ಬರಬೇಕು ಅಂತಲೇ ಕೇಳುತ್ತಾ ಹೋಗುತ್ತೇವೆ, ನಿಮ್ಮ ಅಂಚು ಎಲ್ಲಿದೆ ಅಂತ ನೋಡಲು. ಅಲ್ಲಿ ಸುಳ್ಳು ಹೆಣೆದರೆ ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತೀರಿ. ಬರೀ 'ಗೊತ್ತಿಲ್ಲ ಸರ್' ಅಂತ ಬಾಯಿ ಮುಚ್ಚಿದರೂ ನಷ್ಟ ನಿಮಗೇ. 'ಇದನ್ನು ಮಾಡಿ ನೋಡಿಲ್ಲ, ಆದರೆ ಯೋಚಿಸಿ ಹೇಳಲಾ' ಅಂತ ಕೇಳಿ, ಯೋಚನೆಯನ್ನು ಜೋರಾಗಿ ಮಾಡಿ. ಉತ್ತರ ತಪ್ಪಾದರೂ ಹೋದ ದಾರಿ ನಮಗೆ ಕಾಣಿಸುತ್ತದೆ. ಪ್ಯಾನೆಲ್‌ನವರು ಮಧ್ಯೆ ಸುಳಿವು ಕೊಟ್ಟರೆ ಹಿಡಿದುಕೊಳ್ಳಿ. ಸುಳಿವು ಕೊಟ್ಟರು ಅಂದರೆ ನೀವು ದಡ ಸೇರಲಿ ಅಂತ ಅವರಿಗೂ ಆಸೆ ಇದೆ ಅಂತಲೇ ಅರ್ಥ.

ಪ್ಯಾನೆಲ್‌ನವರೇ ತಪ್ಪು ಹೇಳುವುದೂ ಉಂಟು. ಕೆಲವರು ಬೇಕಂತಲೇ ಹೇಳುತ್ತಾರೆ. "ಮೇಡಂ, ನನ್ನ ಲೆಕ್ಕದಲ್ಲಿ ಬೇರೆ ಬರುತ್ತಿದೆ, ತೋರಿಸಲಾ" ಅಂತ ಹಾಳೆ ಮುಂದಿಡಿ. ವಾದಕ್ಕೆ ಇಳಿಯಬೇಡಿ, ಸುಮ್ನೆ ಹೌದು ಅಂತ ತಲೆಯನ್ನೂ ಆಡಿಸಬೇಡಿ.

ವಿಡಿಯೊ ಇಂಟರ್‌ವ್ಯೂ ಆದರೆ ಒಂದೇ ಮಾತು. ಪಕ್ಕದ ಪರದೆಯಲ್ಲಿ ಉತ್ತರ ಬರುವ ಹಾಗೆ ಮಾಡಿಕೊಂಡವರ ಕಣ್ಣು ಸಾಲಿನ ಮೇಲೆ ಓಡಾಡುವುದು ನಮಗೆ ಕಾಣುತ್ತದೆ. ಪ್ರಶ್ನೆ ಮುಗಿದ ಮೇಲೆ ಪ್ರತಿ ಸಲ ಅದೇ ನಾಲ್ಕು ಸೆಕೆಂಡ್ ಮೌನ, ಆಮೇಲೆ ಪುಸ್ತಕದ ಇಂಗ್ಲಿಷ್. ನಾನು ಆಗ ಹಾಳೆಯಲ್ಲಿ ಬರೆದು ಕ್ಯಾಮೆರಾಗೆ ತೋರಿಸಿ ಅನ್ನುತ್ತೇನೆ.

ಕೊನೆಗೆ 'ನಿಮಗೇನಾದರೂ ಕೇಳುವುದಿದೆಯಾ' ಅನ್ನುತ್ತಾರೆ. ರಜೆ, ಕ್ಯಾಬ್ ಎಲ್ಲ ಎಚ್‌ಆರ್ ಹತ್ತಿರ ಕೇಳಿ. ಇವರ ಹತ್ತಿರ 'ಮೊದಲ ಆರು ತಿಂಗಳು ನಾನು ಯಾವ ಭಾಗದ ಮೇಲೆ ಕೆಲಸ ಮಾಡುತ್ತೇನೆ' ಅಂತ ಕೇಳಿ. ಅವರ ಉತ್ತರ ತೊದಲಿದರೆ ಅದೂ ನಿಮಗೊಂದು ಮಾಹಿತಿ.

ಹೆಜ್ಜೆ 8: ಎಚ್‌ಆರ್ ಮತ್ತು ಸಂಬಳ

ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ನೋಡಿ ಮನೆಗೆ ಫೋನ್ ಮಾಡಬೇಡಿ, ಕೈಗೆ ಬರುವುದು ಬೇರೆ. ಉದಾಹರಣೆಗೆ ವರ್ಷಕ್ಕೆ 6 ಲಕ್ಷ, ಅಂದರೆ ತಿಂಗಳಿಗೆ 50,000 ಅಂದುಕೊಳ್ಳೋಣ. ಅದರಲ್ಲಿ ಹತ್ತನೇ ಒಂದು ಭಾಗ ವೇರಿಯಬಲ್ (ಕೆಲಸ ನೋಡಿ ಕೊಡುವ ಪಾಲು) ಇದ್ದರೆ 5,000 ವರ್ಷದ ಕೊನೆಗೆ, ಅದೂ ಕೊಟ್ಟಷ್ಟು. ಬೇಸಿಕ್ 25,000 ಆದರೆ ಕಂಪನಿ ಕಟ್ಟುವ ಪಿಎಫ್ 12 ಶೇಕಡಾ, 3,000, ಇದನ್ನೂ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 3,000. ಗ್ರಾಚ್ಯುಟಿಗೆ ಬೇಸಿಕ್‌ನ 4.81 ಶೇಕಡಾ, ಸುಮಾರು 1,200. ವೃತ್ತಿ ತೆರಿಗೆ 200. ಉಳಿಯುವುದು 37,600. ಇದರ ಮೇಲೆ ವಿಮೆ, ಕ್ಯಾಂಟೀನ್, ಬಸ್ಸು. ಈ ಲೆಕ್ಕ ಆಫರ್ ಒಪ್ಪುವ ಮುಂಚೆ ಹಾಕಿ, ಪಿಜಿ ಬಾಡಿಗೆ ಕಟ್ಟುವಾಗ ಅಲ್ಲ.

ಎಷ್ಟು ಬೇಕು ಅಂತ ಕೇಳಿದರೆ ಹೊಸಬರು ಕಂಪನಿಯ ನಿಯಮದಂತೆ ಅನ್ನಬಹುದು, ಅನುಭವ ಇದ್ದವರು ಒಂದು ಅಂಕಿ ಹೇಳಲೇಬೇಕು. ಹಳೇ ಸಂಬಳ ಜಾಸ್ತಿ ಮಾಡಿ ಹೇಳಬೇಡಿ. ಸ್ಯಾಲರಿ ಸ್ಲಿಪ್, ಫಾರಂ 16 ಕೇಳುತ್ತಾರೆ, ಪಿಎಫ್‌ನ ಯುಎಎನ್ ನಂಬರ್‌ನಲ್ಲಿ ಎಲ್ಲೆಲ್ಲಿ ಎಷ್ಟು ದಿನ ಕೆಲಸ ಮಾಡಿದ್ದೀರಿ ಅನ್ನುವುದು ಕಾಣುತ್ತದೆ. ನೋಟಿಸ್ ಅವಧಿ 90 ದಿನ ಇದ್ದರೆ ಮೊದಲೇ ಹೇಳಿ. ಬಾಂಡ್ ಇದ್ದರೆ ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಕೆಲಸ ಕೊಡಲು ಯಾವ ನಿಜವಾದ ಕಂಪನಿಯೂ ದುಡ್ಡು ಕೇಳುವುದಿಲ್ಲ. ಲ್ಯಾಪ್‌ಟಾಪ್ ಡೆಪಾಸಿಟ್, ಟ್ರೇನಿಂಗ್ ಫೀ, ಮೆಡಿಕಲ್ ಫೀ, ಹೆಸರು ಏನೇ ಇರಲಿ, ಅದು ಮೋಸ. ದೊಡ್ಡ ಕಂಪನಿಯ ಹೆಸರಿಟ್ಟುಕೊಂಡು ಜಿಮೇಲ್‌ನಿಂದ ಪತ್ರ ಬಂದರೂ ಅಷ್ಟೇ. ನಮ್ಮ ಪಿಜಿಯ ಹುಡುಗನೊಬ್ಬ ಹೀಗೆ 12,000 ಕಳೆದುಕೊಂಡ. ಅಮ್ಮನ ಚೀಟಿ ದುಡ್ಡು ಅದು.

ಹೆಜ್ಜೆ 9: ಮುಗಿದ ಮೇಲೆ

ಅದೇ ದಿನ ರಾತ್ರಿ, ಎಷ್ಟೇ ಸುಸ್ತಾಗಿದ್ದರೂ, ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಉತ್ತರ ಬಾರದ್ದಕ್ಕೆ ಗುರುತು ಹಾಕಿ, ನಾಳೆ ಹುಡುಕಿ. ಬೇರೆ ಕಂಪನಿಯಲ್ಲೂ ಅವೇ ಪ್ರಶ್ನೆಗಳು ಬಟ್ಟೆ ಬದಲಿಸಿಕೊಂಡು ಬರುತ್ತವೆ. ನನ್ನ ನೋಟ್‌ಬುಕ್ ಯಾರೋ ಜೂನಿಯರ್ ಕೈಯಿಂದ ಕೈಗೆ ಹೋಗಿ ಈಗ ಎಲ್ಲಿದೆಯೋ ಗೊತ್ತಿಲ್ಲ.

ತಿಳಿಸುತ್ತೇವೆ ಅಂದವರು ಎರಡು ವಾರವಾದರೂ ತಿಳಿಸದಿದ್ದರೆ ಒಂದು ಸಣ್ಣ ಮೇಲ್ ಹಾಕಿ. ಮತ್ತೊಂದು ವಾರ ಬಿಟ್ಟು ಇನ್ನೊಂದು. ಅಷ್ಟೇ, ಮೂರನೆಯದು ಬೇಡ. ಆಮೇಲೆ ಬೇರೆ ಕಡೆ ನೋಡಿ.

ಆಯ್ಕೆ ಆದರೆ ಮೆಡಿಕಲ್ ಇರುತ್ತದೆ. ಎಲೆಕ್ಟ್ರಿಕಲ್ ಕೆಲಸಕ್ಕೆ, ಶಾಪ್ ಫ್ಲೋರ್‌ಗೆ ಬಣ್ಣ ಗುರುತಿಸುವ ಪರೀಕ್ಷೆ ಮಾಡುತ್ತಾರೆ, ಚುಕ್ಕೆಗಳ ನಡುವೆ ಅಂಕಿ ಓದುವುದು. ಅದರಲ್ಲಿ ತೊಂದರೆ ಇದ್ದರೆ ಮುಂಚೆಯೇ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿ ತಿಳಿದುಕೊಳ್ಳಿ, ಆಫರ್ ಬಂದ ಮೇಲೆ ಗೊತ್ತಾದರೆ ಹಳೇ ಕೆಲಸವೂ ಹೋಗಿ ಹೊಸದೂ ಇಲ್ಲದಂತಾಗುತ್ತದೆ. ಅದಕ್ಕೇ ಮೆಡಿಕಲ್ ಮುಗಿದು, ಸಹಿ ಇರುವ ಆಫರ್ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ, ಎಚ್‌ಆರ್ ಫೋನ್‌ನಲ್ಲಿ ಎಷ್ಟೇ ಸಿಹಿಯಾಗಿ ಮಾತಾಡಿದರೂ.

ಸೇರುವ ದಿನ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಹಳೇ ಕಂಪನಿಯ ರಿಲೀವಿಂಗ್ ಪತ್ರ, ಎಂಟು ಹತ್ತು ಪಾಸ್‌ಪೋರ್ಟ್ ಫೋಟೋ ಇಟ್ಟುಕೊಳ್ಳಿ. ಎಲ್ಲದರ ಎರಡೆರಡು ಜೆರಾಕ್ಸ್. ಮೂಲ ಅಂಕಪಟ್ಟಿ ನೋಡಬೇಕು ಅಂದರೆ ತೋರಿಸಿ. ನಮ್ಮ ಹತ್ತಿರವೇ ಇರಲಿ ಅಂದರೆ ಯಾಕೆ ಅಂತ ಕೇಳಿ, ಕೊಟ್ಟು ಬರಬೇಡಿ. ನಾನು ಕೊಟ್ಟು ಬಂದಿದ್ದೆ, ವಾಪಸ್ ಪಡೆಯಲು ಹದಿನಾಲ್ಕು ತಿಂಗಳು ಓಡಾಡಿದೆ.